ಯತ್ತಪ್ಪ ಕೊಯ್ದ ಟಗರು

ಹುಲಿಕುಂಟೆ ಕಡೆಯ ಆ ಹಟ್ಟಿಯಲ್ಲಿ ಯತ್ತಪ್ಪನಷ್ಟು ಕುರಿ ಸಾಕಿದವರು ಇನ್ನೊಬ್ಬರಿಲ್ಲ. ಚಡ್ಡಿ ಹಾಕುವ ವಯಸ್ಸಿನಿಂದ ಮಂಡಿ ನೋಯುವ ಈ ವಯಸ್ಸಿನವರೆಗೂ ಅವನ ಹಗಲೆಲ್ಲ ಕುರಿಗಳ ಹಿಂದೆಯೇ ಕಳೆಯಿತು. ಹುಟ್ಟಿದ ಮರಿಯ ಮೂತಿ ಒರೆಸಿದ್ದಾನೆ, ತಾಯಿ ಸತ್ತ ಮರಿಗೆ ಹಾಲಲ್ಲಿ ಅದ್ದಿದ ಬೆರಳು ಚೀಪಿಸಿ ಬದುಕಿಸಿದ್ದಾನೆ, ಕಾಲು ಮುರಿದದ್ದನ್ನು ಹೆಗಲ ಮೇಲೆ ಹೊತ್ತು ತಂದಿದ್ದಾನೆ. ಒಂದು ಕೆಲಸ ಮಾತ್ರ ಮಾಡಿರಲಿಲ್ಲ. ಕುರಿಯ ಕುತ್ತಿಗೆಗೆ ಚೂರಿ ಇಟ್ಟಿರಲಿಲ್ಲ.

ಅದು ಅವನ ಅಪ್ಪ ಬೊಮ್ಮಪ್ಪ ಹಾಕಿಹೋದ ಕಟ್ಟಳೆ. "ನೀನು ಕೂಗಿದ್ರೆ ಅವು ಕುತ್ತಿಗೆ ಎತ್ಕೊಂಡು ಬತ್ತವೆ ಕಣ್ಲಾ. ಆ ಕುತ್ತಿಗೆಗೆ ನೀನೇ ಚೂರಿ ಹಾಕ್ಬುಟ್ರೆ ಆಮೇಕೆ ಯಾವ್ ಮುಖ ಇಟ್ಕೊಂಡು ಕೂಗ್ತೀಯ?" ಹಾಗಂತ ಯತ್ತಪ್ಪ ಸನ್ಯಾಸಿಯೇನಲ್ಲ. ಶಿರಾ ಸಂತೆಯಲ್ಲಿ ಟಗರು ಮಾರುತ್ತಿದ್ದ, ಹಬ್ಬದ ದಿನ ಮೂಳೆ ಚೀಪುತ್ತಿದ್ದ. ಕೊಯ್ಯುವ ಕೈ ಮಾತ್ರ ತನ್ನದಾಗಬಾರದು, ಅಷ್ಟೆ. ಇಡೀ ಬದುಕಿನಲ್ಲಿ ಅವನು ಜೋಪಾನ ಮಾಡಿಕೊಂಡು ಬಂದ ಮರ್ಯಾದೆ ಇದೊಂದೇ.

ಆ ಕೈ ಬುಡೇನ್ ಸಾಬರದು. ಪಕ್ಕದೂರಿನವರು, ಯತ್ತಪ್ಪನ ಓರಗೆಯವರು. ಪ್ರತಿ ವರ್ಷ ಯುಗಾದಿ ಕಳೆದ ಮಾರನೆ ದಿನ, ವರ್ಷತೊಡಕಿಗೆ, ಬೆಳಿಗ್ಗೆಯೇ ಬರುತ್ತಿದ್ದರು. ಟಗರಿಗೆ ನೀರು ಕುಡಿಸಿ, ಮುಖವನ್ನು ಪಡುವಣಕ್ಕೆ ತಿರುಗಿಸಿ, ಅಂಗೈಯಿಂದ ಅದರ ಕಣ್ಣು ಮುಚ್ಚಿ, ಬಾಯಲ್ಲೊಂದು ಮಾತು ಅಂದು ಚೂರಿ ಎಳೆದರೆ ಮುಗಿಯಿತು. ಆಮೇಲೆ ಹುಣಸೆಮರದ ಕೆಳಗೆ ಮುತ್ತುಗದೆಲೆ ಹಾಸಿ ಬಾಡನ್ನು ಗುಡ್ಡೆ ಹಾಕುವುದು, ಮನೆಗೊಂದು ಗುಡ್ಡೆ ಎತ್ತಿಕೊಳ್ಳುವುದು. ಸಾಬರಿಗೆ ಚರ್ಮ, ಜೊತೆಗೆ ಅವರ ಮನೆಗೂ ಒಂದು ಗುಡ್ಡೆ. ಹಲಾಲ್ ಅನ್ನುವ ಮಾತನ್ನು ಹಟ್ಟಿಯಲ್ಲಿ ಯಾರೂ ಆಡಿದವರಲ್ಲ. ಸಾಬರು ಕೊಯ್ದರೆ ರಕ್ತ ಪೂರಾ ಬಸಿಯುತ್ತದೆ, ಬಾಡು ಬೇಗ ಬೇಯುತ್ತದೆ ಅನ್ನುತ್ತಿದ್ದರು.

ಹಲಾಲ್ ಅನ್ನುವ ಆ ಮಾತು ಹಟ್ಟಿಗೆ ಬಂದದ್ದು ಮೊಬೈಲಿನಲ್ಲಿ. ಯತ್ತಪ್ಪನ ಮೊಮ್ಮಗ ಚಿಕ್ಕರಾಜು ಮಧುಗಿರಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹಬ್ಬ ಹತ್ತಿರವಾದಾಗ ಊರಿಗೆ ಬಂದವನೇ, "ಈ ಸಲ ಹಲಾಲ್ ಬ್ಯಾಡ ತಾತ. ನಮ್ ಗ್ರೂಪ್ನಾಗೆ ಎಲ್ಲರೂ ಅಂಗೇ ಅಂದವ್ರೆ. ನಮ್ ಹಬ್ಬಕ್ಕೆ ನಾವೇ ಕಡಿತೀವಿ" ಅಂದ.

"ನೀವೇನ್ಲಾ ಕಡಿಯೋದು? ಕೋಳಿ ಹಿಡಿಯಾಕೂ ಬರಲ್ಲ ನಿಮಗೆ."

"ವಿಡಿಯೋ ನೋಡ್ಕೊಂಡಿದೀವಿ ಬುಡು."

ಸಾಬರಿಗೆ ಬರಬೇಡಿ ಎಂದು ಹೇಳುವ ಕೆಲಸ ಯತ್ತಪ್ಪನ ತಲೆಗೆ ಬಿತ್ತು. ಹೋದ. ಚಹಾ ಕುಡಿದ, ಬಿಸಿಲಿನ ಮಾತಾಡಿದ, ಎದ್ದು ಬಂದ. ಹೇಳಲು ಬಾಯಿ ಬರಲಿಲ್ಲ ಅವನಿಗೆ.

ಹಾಗಾಗಿ ವರ್ಷತೊಡಕಿನ ಬೆಳಿಗ್ಗೆ ಬುಡೇನ್ ಸಾಬರು ಒಗೆದ ಅಂಗಿ ತೊಟ್ಟು, ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎಂದಿನಂತೆ ಬಂದರು. ಚಿಕ್ಕರಾಜುವಿನ ಗೆಳೆಯ ಜಯರಾಮು ದಾರಿಗೆ ಅಡ್ಡ ನಿಂತ. "ಸಾಬ್ರೇ, ಈ ವರ್ಸ ನಾವೇ ನೋಡ್ಕಂತೀವಿ. ನೀವ್ ಹೊರಡಿ."

ಸಾಬರು ಯತ್ತಪ್ಪನ ಮುಖ ನೋಡಿದರು. ಯತ್ತಪ್ಪ ನೆಲ ನೋಡಿದ.

"ಮೊನ್ನೆ ಮನೇಗೆ ಬಂದಾಗ್ಲೇ ಹೇಳಿದ್ರೆ ಬರ್ತಿರ್ಲಿಲ್ಲ ಯತ್ತಪ್ಪಣ್ಣ," ಅಂದರು ಸಾಬರು. ಬಂದ ದಾರಿಯಲ್ಲೇ ಹೊರಟುಹೋದರು. ಅವರು ಬೈದಿದ್ದರೆ ಯತ್ತಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಇನ್ನು ಹುಡುಗರ ಶೌರ್ಯ. ಒಬ್ಬ ಹಗ್ಗ ಹಿಡಿದ, ಒಬ್ಬ ಮೊಬೈಲ್ ಹಿಡಿದ, ಜಯರಾಮು ಮಚ್ಚು ಎತ್ತಿದ. ಒಂದೇ ಏಟಿಗೆ ಕತ್ತು ಹಾರಬೇಕಂತೆ, ವಿಡಿಯೋದಲ್ಲಿ ಹಾಗೇ ಇದೆಯಂತೆ. ಏಟು ಮೂಳೆಗೆ ಬಿತ್ತು. ಟಗರು ಹಗ್ಗ ಕಿತ್ತುಕೊಂಡಿತು. ಹುಡುಗರು ದಿಕ್ಕಾಪಾಲಾದರು. ರಕ್ತ ಸುರಿಸಿಕೊಂಡು ಓಡಿದ ಟಗರು ಬಯಲಿಗೆ ಹೋಗಲಿಲ್ಲ. ಹುಣಸೆಮರದ ಬುಡದಲ್ಲಿ ಕೂತಿದ್ದ ಯತ್ತಪ್ಪನ ಹತ್ತಿರ ಬಂದು ಅವನ ತೊಡೆಯ ಮೇಲೆ ತಲೆ ಇಟ್ಟು ಕುಸಿಯಿತು. ಅದು ಅವನು ಸಾಕಿದ ಟಗರು. ಇನ್ನೆಲ್ಲಿಗೆ ಹೋದೀತು?

"ಏನಾರ ಮಾಡು ತಾತ!" ದೂರದಿಂದಲೇ ಕೂಗಿದ ಚಿಕ್ಕರಾಜು. ಮುಖ ಬಿಳಿಚಿಕೊಂಡಿತ್ತು. ಹತ್ತಿರ ಬರುವ ಗಂಡಸು ಒಬ್ಬನೂ ಇರಲಿಲ್ಲ.

ಟಗರು ಅತ್ತ ಸಾಯದೆ ಇತ್ತ ಬದುಕದೆ ಏದುಸಿರು ಬಿಡುತ್ತಿತ್ತು. ಸಾಬರು ಆಗಲೇ ಕಣ್ಮರೆಯಾಗಿದ್ದರು. ಯತ್ತಪ್ಪನ ಹೆಂಡತಿ ಕೊಲ್ಲಾಪುರಮ್ಮ ಕೇಳುವ ಮೊದಲೇ ಚೊಂಬಿನಲ್ಲಿ ನೀರು ತಂದಳು. ಯತ್ತಪ್ಪ ಟಗರಿನ ಬಾಯಿಗೆ ನೀರು ಬಿಟ್ಟ. ಅದರ ಮುಖ ಪಡುವಣಕ್ಕೆ ತಿರುಗಿಸಿದ. ಅಂಗೈಯಿಂದ ಕಣ್ಣು ಮುಚ್ಚಿದ. ಸೊಂಟದಲ್ಲಿದ್ದ, ಗೊರಸು ಕೆತ್ತುವ ಚೂರಿ ತೆಗೆದ.

"ಬಿಸ್ಮಿಲ್ಲಾ," ಅಂದ. ಎಳೆದ.

ಬೇಕೆಂದು ಅಂದದ್ದಲ್ಲ. ಕುರಿಯೊಂದು ನೆಮ್ಮದಿಯಾಗಿ ಸಾಯುವುದನ್ನು ಅವನು ಕಂಡದ್ದು ಹೀಗೊಂದೇ. ಕೈ ಆ ಕೆಲಸ ಮಾಡಿದಾಗ ಬಾಯಿ ಆ ಮಾತು ಆಡಿತು.

ಆಗ ಬಂತು ನೋಡಿ ಹುಡುಗರಿಗೆ ಧೈರ್ಯ. "ಏನಂದ ನಿಮ್ ತಾತ? ಕೇಳ್ದೇನೋ? ಹಲಾಲ್ ಮಾಡ್ಬುಟ್ಟನಲ್ಲೋ!" ಎಂದು ಜಯರಾಮು ಎಗರಾಡಿದ. ಮೊಬೈಲಿನಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು. ಯತ್ತಪ್ಪ ತಾನೇ ಚರ್ಮ ಸುಲಿದು, ತಾನೇ ಎಲೆ ಹಾಸಿ ಗುಡ್ಡೆ ಹಾಕಿದ. ಒಬ್ಬರೂ ಎತ್ತಲಿಲ್ಲ. ದೊಡ್ಡವರು ಹುಡುಗರ ಬಾಯಿಗೆ ಹೆದರಿ ಮನೆಯೊಳಗೇ ಉಳಿದರು. ಅವರ ಮೇಲೂ ಬಂತು ಯತ್ತಪ್ಪನಿಗೆ ಸಿಟ್ಟು.

ಮಧ್ಯಾಹ್ನ ಅವನು ಸಾಬರ ಪಾಲಿನ ಗುಡ್ಡೆ ಕಟ್ಟಿಕೊಂಡು ಪಕ್ಕದೂರಿಗೆ ನಡೆದ. ಸಾಬರು ಗಂಟು ನೋಡಿದರು.

"ಯಾರು ಕೊಯ್ದದ್ದು?"

"ನಾನೇ ಸಾಬ್ರೇ."

ಬುಡೇನ್ ಸಾಬರಿಗೆ ಬೊಮ್ಮಪ್ಪನ ಕಟ್ಟಳೆ ಗೊತ್ತಿತ್ತು. ಗಂಟನ್ನು ಅವನ ಕಡೆಗೇ ಸರಿಸಿದರು. ಆಮೇಲೆ, "ತಪ್ಪು ತಿಳೀಬ್ಯಾಡ ಯತ್ತಪ್ಪಣ್ಣ, ನೀನು ಕೊಯ್ದದ್ದು ನಮಗೆ ನಡೆಯಲ್ಲ, ನಮ್ಮೋರೇ ಕೊಯ್ದಿರ್ಬೇಕು," ಎಂದು ಮೆಲ್ಲಗೆ ಹೇಳಿದರು. ಒಳಗಿಂದ ನೀರು ತಂದು ಅವನ ಕೈ ಮೇಲೆ ಸುರಿದರು. ಅವನು ಮನೆಯಲ್ಲೇ ಉಜ್ಜಿ ತೊಳೆದು ಬಂದಿದ್ದ ಕೈ ಅದು.

ಗಂಟು ಹೊತ್ತು ವಾಪಸು ಬರುವಾಗ ಬೈಕುಗಳು ಎದುರಾದವು. ಚಿಕ್ಕರಾಜು, ಜಯರಾಮು, ಇನ್ನೂ ನಾಲ್ಕೈದು ಜನ.

"ಎಲ್ಲಿಗ್ಲಾ?"

"ಸಿರಾಕ್ಕೆ ತಾತ. ಬಿರಿಯಾನಿಗೆ."

ಯಾವ ಹೋಟೆಲೆಂದು ಯತ್ತಪ್ಪ ಕೇಳಬೇಕಾಗಿರಲಿಲ್ಲ. ಆ ಹೋಟೆಲಿಗೆ ಅವನೇ ಟಗರು ಮಾರಿದ್ದ. ಬಾಗಿಲ ಮೇಲೆ ಆ ಹಲಾಲ್ ಅನ್ನುವ ಮಾತನ್ನೇ ಹಸಿರು ಬೋರ್ಡಿನಲ್ಲಿ ಬರೆಸಿದ್ದರು. "ಅಲ್ಲಿ ಕೊಯ್ಯೋರು ಯಾರ್ಲಾ?" ಅಂದ.

ಚಿಕ್ಕರಾಜು ನಕ್ಕ. "ಅದು ಹೋಟ್ಲು ಕಣ್ ತಾತ. ಬಾಡು ಬೆಣ್ಣೆ ಇದ್ದಂಗಿರ್ತದೆ. ನಮ್ ಹುಡುಗ್ರೆಲ್ಲ ಅಲ್ಗೇ ಹೋಗಾದು."

ಅಷ್ಟೇ. ಗೆಳೆಯರು ಬೇಡ ಅಂದರೆ ಬೇಡ, ಗೆಳೆಯರು ಹೊರಟರೆ ಹೊರಟರು. ದೇವರೂ ಇಲ್ಲ, ಧರ್ಮವೂ ಇಲ್ಲ ಅದರಲ್ಲಿ. ಈ ಷೋಕಿಗೆ ಬಲಿಯಾದದ್ದು ಯತ್ತಪ್ಪನ ಕೈ. ಹಟ್ಟಿಗೆ ಬಂದು, ನಾಯಿಗಳು ಎಳೆದಾಡಿ ಉಳಿದ ಬಾಡಿನ ಜೊತೆ ಆ ಗಂಟನ್ನೂ ಗುಂಡಿ ತೋಡಿ ಮುಚ್ಚಿದ.

ಮಾರನೆ ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಅವನು ಕೂಗದೆ ನಿಂತ. ಕುರಿಗಳಿಗೆ ರಕ್ತದ ವಾಸನೆ ಬಡಿದಿರುತ್ತದೆ, ಇವತ್ತು ಬರುವುದಿಲ್ಲ ಅಂದುಕೊಂಡ. ಬಾರದಿದ್ದರೇ ಒಳ್ಳೆಯದು ಅಂತಲೂ ಅನ್ನಿಸಿತು. ಕೊನೆಗೆ ನಾಲಿಗೆ ಮಡಿಸಿ ಕೂಗಿದ.

ಬಂದವು. ಎಂದಿನಂತೆ ಕುತ್ತಿಗೆ ಎತ್ತಿಕೊಂಡು, ಒಂದನ್ನೊಂದು ನೂಕಿಕೊಂಡು ಎಲ್ಲವೂ ಬಂದವು. ಯತ್ತಪ್ಪ ಬಲಗೈಯನ್ನು ಕಂಬಳಿಯೊಳಗೆ ಬಚ್ಚಿಟ್ಟುಕೊಂಡ. ಮೊನ್ನೆಯಷ್ಟೇ ತಾಯಿ ಸತ್ತಿದ್ದ ಮರಿಯೊಂದು ಕಂಬಳಿಯೊಳಗೆ ಮೂತಿ ತೂರಿಸಿ, ಆ ಕೈಯನ್ನೇ ಹುಡುಕಿ, ಬೆರಳು ಚೀಪತೊಡಗಿತು.