ಸಾಹೇಬರು ಎಣಿಸದ ದಿನಗಳು

ಅವರ ಬಲಗೈ ಕಿರುಬೆರಳಿನ ಉಗುರು ಉದ್ದ ಬೆಳೆದು ಹಳದಿ ತಿರುಗಿತ್ತು. ಅದರಲ್ಲೇ ಕಿವಿ ಕೆರೆದುಕೊಂಡು, ಅದನ್ನೇ ನಾನು ಗೆರೆ ಎಳೆದಿಟ್ಟ ಬಿಳೀ ಹಾಳೆಯ ಮೇಲೆ ಓಡಿಸುತ್ತಾ ಯಾವ ಕಟ್ಟಡ ಯಾವಾಗ ಮುಗಿಯುತ್ತದೆಂದು ಹೇಳುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯ ಕಚೇರಿಯೊಂದರಲ್ಲಿ ನಾನು ನಕ್ಷೆ ಬರೆಯುವವನು, ಅವರು ನಮ್ಮ ಇಂಜಿನಿಯರ್ ಸಾಹೇಬರು. ಅವರೆದುರು ಕೂತು ಊಟ ಮಾಡಲು ನನಗೆ ಕೊನೆಯವರೆಗೂ ಆಗಲಿಲ್ಲ.

ಲೆಕ್ಕದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಹಾಳೆಯಲ್ಲಿ ಅಡ್ಡಕ್ಕೆ ದಿನಗಳು, ಉದ್ದಕ್ಕೆ ಕೆಲಸಗಳು. ಆದರೆ ವಾರ ಒಬ್ಬೊಬ್ಬರಿಗೆ ಒಂದೊಂದು ತರ. ಮರಳು, ಕಲ್ಲು ತರುವ ಗಾಡಿಯವರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಹಿರಿಯೂರಿನ ಗಾರೆಯವರು ಭಾನುವಾರ ಊರಿಗೆ ಹೋಗುತ್ತಿದ್ದರು. ಕೂಲಿ ಹೆಂಗಸರು ಸಂತೆಯ ದಿನ ಬರುತ್ತಿರಲಿಲ್ಲ.

"ಯಾರ ಕೆಲ್ಸನೋ ಅವರ ವಾರ ಹಿಡಿಬೇಕು. ಎಲ್ಲಾರ್ನೂ ಒಂದೇ ವಾರಕ್ಕೆ ಕಟ್ಟಿದ್ರೆ ಲೆಕ್ಕ ಹಳ್ಳ ಹಿಡೀತೈತೆ ನೋಡಪ್ಪ" ಎನ್ನುತ್ತಿದ್ದರು. ಹಾಗೆ ಎಣಿಸುವುದನ್ನು ನಾನು ಕಲಿತದ್ದು ಅವರಿಂದಲೇ.

ರಾಮಗಿರಿ ಕಡೆಯ ಹಳ್ಳಿಯೊಂದರಲ್ಲಿ ಶಾಲೆಗೆ ಕೋಣೆ ಕಟ್ಟಿಸುತ್ತಿದ್ದೆವು. ತಾರಸಿ ಹಾಕಿ ವಾರವೂ ಆಗಿರಲಿಲ್ಲ, ಯಾರೋ ದೊಡ್ಡವರು ಉದ್ಘಾಟನೆಗೆ ಬರುವ ದಿನ ಗೊತ್ತಾಯಿತು. ನಮ್ಮ ಹಾಳೆಯ ಪ್ರಕಾರ ಅಷ್ಟರೊಳಗೆ ಮುಗಿಯುವಂತಿರಲಿಲ್ಲ. ಸಾಹೇಬರ ಉಗುರು ಅತ್ತಿತ್ತ ಹರಿದಾಡಿ, ತಾರಸಿಗೆ ನೀರು ಕಟ್ಟಿ ನೆನೆಸುವ ದಿನಗಳ ಮೇಲೆ ನಿಂತಿತು.

"ಇಲ್ಲಿ ಯಾರಪ್ಪ ಕೆಲ್ಸ ಮಾಡ್ತಾರೆ?"

"ಯಾರೂ ಇಲ್ಲ ಸಾರ್. ತಾರಸಿ ಗಟ್ಟಿಯಾಗ್ಬೇಕಲ್ಲ."

"ಯಾರೂ ಕೆಲ್ಸ ಮಾಡದ ದಿನ ಯಾಕೆ ಎಣಿಸ್ತೀಯಾ? ತೆಗಿ ಅತ್ಲಾಗೆ. ನಾಳೆನೇ ಸೆಂಟ್ರಿಂಗ್ ಬಿಚ್ಚಿಸು."

ನನ್ನಿಂದಾಗದು ಅಂದೆ. ನಕ್ಕರು. ತಾವೇ ಜೀಪಿನಲ್ಲಿ ಹೋಗಿ, ತಾರಸಿಗೆ ಕೊಟ್ಟಿದ್ದ ಮರದ ಆಸರೆಯನ್ನೆಲ್ಲ ಬಿಚ್ಚಿಸಿ ಸುಣ್ಣ ಹೊಡೆಸಿದರು. ಶಾಲೆಯ ಟೀಚರಮ್ಮ ಸುಣ್ಣದ ನಡುವೆ ಕಾಣುತ್ತಿದ್ದ ಬಿರುಕನ್ನು ತೋರಿಸಿ, "ಸಾರ್, ಮಕ್ಳುನ್ನ ಕೂರಿಸ್ಬೋದಾ?" ಎಂದು ಕೇಳಿದರು.

"ಕೂರಿಸ್ರಿ, ಕೂರಿಸ್ರಿ. ದುರ್ಗದ ಕೋಟೆ ಬಿದ್ರೂ ಇದು ಬೀಳಲ್ಲ."

ಹಾರ ತುರಾಯಿಗಳ ಉದ್ಘಾಟನೆ ಮುಗಿಯಿತು. ಅದರ ಮುಂದಿನ ಶನಿವಾರ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿ ಮಕ್ಕಳು ಒಳಗೆ ಕೂರುತ್ತಿದ್ದಾಗ ತಾರಸಿಯ ಒಂದು ಮೂಲೆ ಕುಸಿಯತೊಡಗಿತು. ಟೀಚರಮ್ಮ ಮಕ್ಕಳನ್ನೆಲ್ಲ ಹೊರಗೆ ದಬ್ಬಿದರು. ಕೊನೆಗೆ ಉಳಿದ ಅವರ ಕಾಲಿನ ಮೇಲೆ ಕಾಂಕ್ರೀಟು ಬಿತ್ತು.

ನಾವು ಹೋಗುವಷ್ಟರಲ್ಲಿ ಅವರನ್ನು ದುರ್ಗದ ಆಸ್ಪತ್ರೆಗೆ ಸಾಗಿಸಿದ್ದರು. ನೆಲದ ಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ. ಸಾಹೇಬರು ಪಂಚೆ ಎತ್ತಿ ಹಿಡಿದವರ ಹಾಗೆ ಪ್ಯಾಂಟು ಎತ್ತಿಕೊಂಡು ಅದನ್ನು ದಾಟಿದರು. ಆಕಾಶ ಕಾಣುತ್ತಿದ್ದ ಮೂಲೆಯತ್ತ ನೋಡುತ್ತಾ ನಿಂತು ಹೇಳಿದರು:

"ನಾಳೆ ಭಾನುವಾರ, ಗಾರೆಯೋರು ಬರಲ್ಲ. ನಾಡಿದ್ದು ಗಾಡಿ ಇಲ್ಲ. ಮಂಗಳವಾರ ಹಿಡಿದ್ರೆ ಯುಗಾದಿ ಹೊತ್ತಿಗೆ ಮುಗೀತೈತೆ. ಬರ್ಕಳಪ್ಪ."

ಬರೆದುಕೊಂಡೆ. ಲೆಕ್ಕ ಸರಿಯಾಗಿಯೇ ಇತ್ತು, ಅದೇ ಹೇಸಿಗೆ ಅನ್ನಿಸಿತು.

ಟೀಚರಮ್ಮ ಆಮೇಲೆ ಕುಂಟುತ್ತಲೇ ಪಾಠ ಮಾಡಿದರು. ಸಾಹೇಬರು ಬಡ್ತಿ ಪಡೆದು, ನಿವೃತ್ತರಾಗಿ, ಹೊಸದುರ್ಗದ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರಂತೆ. ನಾನು ನೋಡಲು ಹೋಗಲಿಲ್ಲ. ನೌಕರಿ ಮುಗಿಯುವವರೆಗೂ ಅವರು ಕಲಿಸಿದ ಹಾಗೆಯೇ ಒಬ್ಬೊಬ್ಬರ ವಾರ ಹಿಡಿದು ಎಣಿಸಿದೆ. ತಾರಸಿ ನೆನೆಸುವ ದಿನಗಳನ್ನು ಮೊದಲು ಬರೆದು, ಮಿಕ್ಕಿದ್ದನ್ನು ಆಮೇಲೆ ಬರೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ. ಇಷ್ಟು ಚೆನ್ನಾಗಿ ಯಾರು ಕಲಿಸಿದರು ಎಂದು ಕಚೇರಿಗೆ ಹೊಸದಾಗಿ ಸೇರಿದವರು ಕೇಳಿದರೆ ಸುಳ್ಳು ಹೇಳಲಾಗುತ್ತಿರಲಿಲ್ಲ. ಅವರ ಹೆಸರು ಹೇಳಿ, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದೆ.