ಡಬ್ಬಿಯಿಲ್ಲದ ಮುಚ್ಚಳ

ನನ್ನ ಅಡುಗೆಮನೆಯ ಕೆಳಗಿನ ಡ್ರಾಯರಿನಲ್ಲಿ, ಲಟ್ಟಣಿಗೆಗೂ ಜರಡಿಗೂ ನಡುವೆ, ಯಾವ ಪಾತ್ರೆಗೂ ಹೊಂದದ ಸ್ಟೀಲಿನ ಮುಚ್ಚಳವೊಂದು ಏಳು ವರ್ಷ ಮಲಗಿತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ, ಅಲ್ಲವೇ? ಡಬ್ಬಿ ಯಾರದೋ ಮನೆಗೆ ಪಾಯಸ ಹೊತ್ತು ಹೋಗಿ ಅಲ್ಲೇ ಸಂಸಾರ ಹೂಡಿರುತ್ತದೆ, ಎಲ್ಲಿ ಹೋಯಿತೆಂದು ನಿಮಗೂ ನೆನಪಿರುವುದಿಲ್ಲ. ನನ್ನ ಡಬ್ಬಿ ಎಲ್ಲಿದೆಯೆಂದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಅದು ಪೊಲೀಸರ ಉಗ್ರಾಣದಲ್ಲಿತ್ತು.

ಮದುವೆಯಲ್ಲಿ ಸೋದರತ್ತೆ ಕೊಟ್ಟದ್ದು ಅದು. ನಮ್ಮ ಕಡೆ ಹೆಸರು ಹಾಕಿಸದೆ ಪಾತ್ರೆ ಉಡುಗೊರೆ ಕೊಡುವುದುಂಟೆ? ಅಂಗಡಿಯವನು ಗುರ್ರೆನ್ನುವ ಸೂಜಿ ಹಿಡಿದು ಡಬ್ಬಿಯ ಮೇಲೊಮ್ಮೆ, ಮುಚ್ಚಳದ ಮೇಲೊಮ್ಮೆ ‘ನಸೀಮಾ ಬಾನು, ದಾವಣಗೆರೆ’ ಎಂದು ಚುಕ್ಕಿಚುಕ್ಕಿಯಾಗಿ ಕೊರೆದಿದ್ದ. ಸಂಸಾರ ಕಟ್ಟಿಕೊಂಡು ಡೆಟ್ರಾಯಿಟ್ ಬಳಿಯ ಈ ವಿಕ್ಸಮ್‌ಗೆ ಬಂದ ಮೇಲೆ ಆ ಅಕ್ಷರಗಳನ್ನು ಓದಬಲ್ಲವರು ನಾನು, ನನ್ನ ಗಂಡ, ಮತ್ತು ಇಲ್ಯಾಸ್, ಮೂವರೇ.

ಇಲ್ಯಾಸ್ ರಾಣೆಬೆನ್ನೂರಿನವನು. ಕಾರಿನ ಬಿಡಿಭಾಗಗಳ ಗೋದಾಮೊಂದರಲ್ಲಿ ಕೆಲಸ, ಒಂಟಿ ಬದುಕು. ರಂಜಾನಿನಲ್ಲಿ ದಿನವೂ ಉಪವಾಸ ಬಿಡಲು ನಮ್ಮಲ್ಲಿಗೇ ಬರುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಚಳಿಗಾಲದಲ್ಲಿ ಒಂದು ಸಂಜೆ, ನನ್ನ ಗಂಡ ಆಫೀಸಿನ ತರಬೇತಿಗೆಂದು ಶಿಕಾಗೋ ಬಳಿಯ ಓಕ್ ಬ್ರೂಕ್‌ಗೆ ಹೋಗಿದ್ದ ವಾರ, ಇಲ್ಯಾಸ್ ಎಂದಿನಂತೆ ಬಂದು ಬಾಗಿಲು ತಟ್ಟಿದ. ಡ್ರೈವ್‌ವೇಯಲ್ಲಿ ನಮ್ಮ ಕಾರು ಇಲ್ಲದ್ದನ್ನು ಆಗಲೇ ನೋಡಿಕೊಂಡಿದ್ದ.

“ಭಾಯಿ ಊರಾಗಿಲ್ಲೇನ್ರಿ ಭಾಬಿ? ಹಂಗಾರ ನಾ ಇಲ್ಲೇ ನಿಂದರ್ತೀನಿ, ಒಳಗ ಬರೂದಿಲ್ಲ” ಎಂದ.

ಉಪವಾಸ ಹಿಡಿದವರಿಗೆ ಆ ಹೊತ್ತು ಎಂಥದ್ದೆಂದು ನಿಮಗೆ ಹೇಳಬೇಕಾಗಿಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿದ ವೇಳಾಪಟ್ಟಿಯ ನಿಮಿಷ, ಗೋಡೆಯ ಮೇಲಿನ ಆಜಾನ್ ಗಡಿಯಾರದ ನಿಮಿಷ, ಹೊಟ್ಟೆಯ ನಿಮಿಷ, ಮೂರೂ ತಾಳೆಯಾಗಲೇಬೇಕು. ಗಡಿಯಾರ ಕೂಗಿತು. ಅವನು ಹಿಮ ಬೀಳುತ್ತಿದ್ದ ಮೆಟ್ಟಿಲ ಮೇಲೆ ನಿಂತೇ ಖರ್ಜೂರ ಬಾಯಿಗಿಟ್ಟ. ನಾನು ಬಿಸಿ ಗಂಜಿಯನ್ನು ಆ ಡಬ್ಬಿಗೆ ತುಂಬಿದೆ. ಮುಚ್ಚಳ ಮಾತ್ರ ಮೂರು ವರ್ಷದ ನನ್ನ ಮಗಳ ಕೈಯಲ್ಲಿತ್ತು. ಚಮಚದಿಂದ ಬಡಿದು ನಗಾರಿ ಮಾಡಿಕೊಂಡಿದ್ದಳು, ಕಸಿದುಕೊಳ್ಳಲು ಹೋದರೆ ಮನೆ ಹಾರುವಂತೆ ಅತ್ತಳು. “ಇರ್ಲಿ ಬಿಡ್ರಿ, ಆಡ್ಲಿ ಕೂಸು” ಎಂದ. ಡಬ್ಬಿಯ ಬಾಯಿಗೆ ಫಾಯಿಲ್ ಸುತ್ತಿ ಕೊಟ್ಟೆ. ಅವನ ಹೆಜ್ಜೆಗಳು ಮೆಟ್ಟಿಲಿನಿಂದ ಕಾರಿನವರೆಗೆ ಹಿಮದಲ್ಲಿ ಸಾಲಾಗಿ ಮೂಡಿದವು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹಿಮ ಬಿದ್ದು ಮುಚ್ಚಿಹೋದವು.

ಅದೇ ನಿಮಿಷಗಳಲ್ಲಿ, ಎಂಟು ಮೈಲಿಯಾಚೆ, ಅವನ ಗೋದಾಮು ಹೊತ್ತಿ ಉರಿಯಿತು. ಒಳಗಿದ್ದ ಕಾವಲುಗಾರ ಸತ್ತ. ಹಿಂದಿನ ವಾರ ಇಲ್ಯಾಸ್ ಮಾಲೀಕನೊಡನೆ ಜಗಳವಾಡಿದ್ದನ್ನು ಎಲ್ಲರೂ ಕೇಳಿದ್ದರು, ಲಾರಿ ಚಾಲಕನೊಬ್ಬ ‘ಇಂಥ ಚಹರೆಯವನನ್ನು ಹಿಂಬಾಗಿಲಲ್ಲಿ ಕಂಡೆ’ ಎಂದ. ಮರುದಿನ ಇಲ್ಯಾಸ್‌ನನ್ನು ಹಿಡಿದರು.

ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಕೇಳಿದಾಗ ಸುಮ್ಮನೆ ಕಾರು ಓಡಿಸುತ್ತಿದ್ದೆ ಎಂದನಂತೆ. ತನ್ನ ವಕೀಲನಿಗೂ ಅದನ್ನೇ ಹೇಳಿದ. ಗಂಡನಿಲ್ಲದ ಮನೆಯ ಹೆಂಗಸಿನ ಹೆಸರನ್ನು ಪೊಲೀಸರೆದುರು ಎತ್ತಬಾರದೆಂಬ ಮರ್ಯಾದೆ ಅವನದು. ಇನ್ನು ನಮ್ಮ ಮರ್ಯಾದೆ ಕೇಳಿ. ನನ್ನ ಗಂಡ, ಡೆಟ್ರಾಯಿಟ್‌ನಿಂದ ಬಂದ ನಮ್ಮ ಕಡೆಯ ಇಬ್ಬರು ಅಂಕಲ್‌ಗಳು ನಮ್ಮ ಲಿವಿಂಗ್ ರೂಮಿನಲ್ಲಿ ಕೂತು ಪಂಚಾಯಿತಿ ಮಾಡಿದರು. “ನಮ್ಮ ಹೆಣ್ಮಗಳು ಕೋರ್ಟಲ್ಲಿ ನಿಂತು, ಯಜಮಾನ್ರು ಇಲ್ದಾಗ ಬಂದಿದ್ರು ಅಂತ ಹೇಳೋದು ಚೆನ್ನಾಗಿರಲ್ಲಮ್ಮ. ತಪ್ಪೇ ಮಾಡಿಲ್ಲ ಅಂದ್ಮೇಲೆ ಹೇಗೂ ಬಿಡ್ತಾರೆ” ಎಂದರು ದೊಡ್ಡ ಅಂಕಲ್. ನಾನು ಚಹಾ ತಟ್ಟೆ ಹಿಡಿದು ನಿಂತವಳು ತಲೆಯಾಡಿಸಿದೆ. ಯಾರೂ ನನ್ನ ಕತ್ತು ಹಿಡಿದು ಆಡಿಸಲಿಲ್ಲ, ನಾನೇ ಆಡಿಸಿದೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ವಿಚಾರಣೆಯ ಮೂರನೆಯ ದಿನ ತಡೆಯಲಾರದೆ ಮುಚ್ಚಳವನ್ನು ಕೈಚೀಲಕ್ಕೆ ಹಾಕಿಕೊಂಡು ನ್ಯಾಯಾಲಯಕ್ಕೆ ಹೋದೆ. ಅವನ ವಕೀಲನ ಕೈಯಲ್ಲಿ ಕಾರಿನಲ್ಲಿ ಸಿಕ್ಕ ವಸ್ತುಗಳ ಪಟ್ಟಿಯಿತ್ತು, ಅದರಲ್ಲಿ ‘ಲೋಹದ ಡಬ್ಬಿ ಒಂದು, ಮೇಲೆ ಗೀರುಗಳಿವೆ’ ಎಂಬ ಸಾಲೂ ಇತ್ತು. ನಾನು ಮುಚ್ಚಳ ತೋರಿಸಿ ಎಲ್ಲವನ್ನೂ ಹೇಳಿದೆ. ವಕೀಲ ನ್ಯಾಯಾಧೀಶರ ಬಳಿಗೆ ಓಡಿದ. ರಾಜ್ಯದ ನ್ಯಾಯಾಧೀಶರು ಜ್ಯೂರಿಯನ್ನು ಹೊರಗೆ ಕಳಿಸಿ ವಕೀಲರ ವಾದ ಕೇಳಿದರು, ನನ್ನನ್ನು ಕೇಳಲಿಲ್ಲ. ಆರೋಪಿ ತಾನು ಬೇರೆಡೆ ಇದ್ದೆನೆನ್ನುವುದಾದರೆ ವಿಚಾರಣೆಗೆ ಮೊದಲೇ ಎದುರು ಪಕ್ಷಕ್ಕೆ ತಿಳಿಸಬೇಕು, ಸಾಕ್ಷಿಯ ಹೆಸರು ಕೊಡಬೇಕು. ಗಡುವು ಮೀರಿದೆ, ಆದ್ದರಿಂದ ಈ ಸಾಕ್ಷಿಯೂ ಬೇಡ, ಮುಚ್ಚಳವೂ ಬೇಡ ಎಂದರು. ನಿಯಮ ಕೆಟ್ಟದ್ದೇನಲ್ಲ, ಕೊನೆಗಳಿಗೆಯ ಸುಳ್ಳುಗಳನ್ನು ತಡೆಯಲು ಮಾಡಿದ್ದು. ಜ್ಯೂರಿಯವರು ಒಳಗೆ ಮರಳುವಾಗ ನಾನು ಹೊರಗಿನ ಮೊಗಸಾಲೆಯ ಬೆಂಚಿನ ಮೇಲಿದ್ದೆ. ಅವರಲ್ಲೊಬ್ಬ ಹೆಂಗಸು ನನ್ನನ್ನು ನೋಡಿ ನಕ್ಕು ಮುಂದೆ ಹೋದಳು. ಇಲ್ಯಾಸ್‌ಗೆ ಜೀವಾವಧಿಯಾಯಿತು.

ರಾಜ್ಯದ ಮೇಲಿನ ನ್ಯಾಯಾಲಯಗಳೂ ಒಪ್ಪದೆ, ಕೊನೆಗೆ ಅರ್ಜಿ ಡೆಟ್ರಾಯಿಟ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಹೇಬಿಯಸ್ ಕಾರ್ಪಸ್ ಎಂದು ಅದರ ಹೆಸರು. ದೇಹವನ್ನು ನಮ್ಮೆದುರು ಹಾಜರುಪಡಿಸಿ ಎಂಬ ಅರ್ಥದ ಲ್ಯಾಟಿನ್ ಮಾತಂತೆ. ಎಂಥ ಗಂಭೀರವಾದ ಆಜ್ಞೆ! ಕೇಳಿದೊಡನೆ ಕಬ್ಬಿಣದ ಬಾಗಿಲು ತೆರೆದು ಮನುಷ್ಯನೊಬ್ಬ ಬೆಳಕಿಗೆ ನಡೆದುಬರುವಂತೆ ಅನಿಸುತ್ತದೆ. ನಡೆದದ್ದು ಬೇರೆ. ದೇಹ ಜೈಲಿನಲ್ಲೇ ಉಳಿಯಿತು, ಕಾಗದಗಳು ಮಾತ್ರ ಹಾಜರಾದವು. ಆ ಕಾಗದಗಳಲ್ಲಿ ನಾನಿರಲಿಲ್ಲ, ಏಕೆಂದರೆ ನ್ಯಾಯಾಧೀಶರೆದುರು ನಾನು ಒಂದು ಮಾತನ್ನೂ ಆಡಿರಲಿಲ್ಲ.

ಆ ವರ್ಷಗಳಲ್ಲಿ ನನಗೊಂದು ಅಂಜಿಕೆ ಹತ್ತಿತು. ಚಳಿಗಾಲದ ಸಂಜೆ ಐದರ ಸುಮಾರಿಗೆ ನೆಲಮಾಳಿಗೆಯ ಫರ್ನೇಸು ಹೊತ್ತಿಕೊಂಡರೆ ಅಡುಗೆಮನೆಯ ಡ್ರಾಯರುಗಳು ಸಣ್ಣಗೆ ನಡುಗುತ್ತವೆ, ಆಗ ಆ ಮುಚ್ಚಳ ತನ್ನಷ್ಟಕ್ಕೆ ಣಿಣಿ ಎನ್ನುತ್ತಿತ್ತು. ಕಾರಣ ಗೊತ್ತಿದ್ದೂ ನಾನು ಬಾಗಿಲು ತೆರೆದು ನೋಡುತ್ತಿದ್ದೆ. ಮೆಟ್ಟಿಲ ಮೇಲೆ ಹಿಮ, ಗೆರೆಯಿಲ್ಲದ ಹಿಮ. ಕಾಗದದ ಪ್ರಕಾರ ಆ ಸಂಜೆಯೂ ಇಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಗಂಜಿ ತುಂಬಿರಲಿಲ್ಲ. ಇಷ್ಟು ಜನ ಓದು ಬಲ್ಲವರು ಇಷ್ಟು ವರ್ಷ ಹೀಗೆ ಬರೆಯುತ್ತಿದ್ದರೆ, ಇಲ್ಲದವಳು ನಾನೇ ಇರಬಹುದೇ ಎಂದು ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆ ಮುಟ್ಟಿಕೊಂಡದ್ದೂ ಉಂಟು.

ಏಳನೆಯ ವರ್ಷ ತೀರ್ಪು ಬಂತು. ಓದಿ ಹೇಳಿದವಳು ಅಂದು ಮುಚ್ಚಳ ಬಡಿಯುತ್ತಿದ್ದ ಮಗಳೇ. ಆ ಕೂಸಿಗೆ ಈಗ ಹತ್ತು ವರ್ಷ. ಪುಟಗಳನ್ನು ತಿರುವಿ ತಿರುವಿ, “ಮಾಮ್, ಯು ಆರ್ ನಾಟ್ ಇನ್ ಹಿಯರ್” ಎಂದಳು. ನಾನಿಲ್ಲವಂತೆ. ನನ್ನ ಹೆಸರಿರಬೇಕಾದಲ್ಲಿ ‘ತಡವಾಗಿ ಮುಂದೆ ಬಂದ ಸಾಕ್ಷಿ’ ಎಂದಿತ್ತು. ಆಕೆಯನ್ನು ತಡೆದದ್ದು ತಪ್ಪೇ ಇದ್ದರೂ ಇರಬಹುದು, ಆದರೆ ನಮ್ಮ ಮುಂದಿರುವ ಪ್ರಶ್ನೆ ರಾಜ್ಯದ ನ್ಯಾಯಾಲಯ ತಪ್ಪಿತೇ ಎಂಬುದಲ್ಲ, ವಿವೇಕವುಳ್ಳ ಯಾವ ನ್ಯಾಯಾಧೀಶರೂ ಮಾಡಲಾರದಷ್ಟು ತಪ್ಪಿತೇ ಎಂಬುದು, ಅಷ್ಟು ತಪ್ಪಿಲ್ಲ, ಎಂದಿತ್ತು. ತಪ್ಪಿಗೆ ಹೀಗೊಂದು ಅಳತೆಗೋಲು ಇರುತ್ತದೆಂದು ನನಗೆ ಅಂದು ತಿಳಿಯಿತು. ಅರ್ಜಿ ವಜಾ ಆಗಿತ್ತು.

ಅದಾದ ಕೆಲವು ತಿಂಗಳಿಗೆ, ಪೊಲೀಸರು ಉಗ್ರಾಣ ಖಾಲಿ ಮಾಡುತ್ತಿದ್ದಾರೆ, ಕಾರಿನ ವಸ್ತುಗಳನ್ನು ನೀವೇ ತಂದುಕೊಳ್ಳಿ ಎಂದು ಇಲ್ಯಾಸ್ ಸಹಿ ಮಾಡಿ ಕಾಗದ ಕಳಿಸಿದ. ಹೋದೆ. ಕಿಟಕಿಯಾಚೆಯ ಗುಮಾಸ್ತೆ ಪ್ಲಾಸ್ಟಿಕ್ ಚೀಲದಿಂದ ಡಬ್ಬಿ ತೆಗೆದು, ಪಟ್ಟಿ ನೋಡಿ, ಇದು ನಿಮ್ಮದೆನ್ನುವುದಕ್ಕೆ ಏನಾದರೂ ಪುರಾವೆ ಇದೆಯೇ ಎಂದು ಕೇಳಿದಳು.

ಪುರಾವೆ! ಕೈಚೀಲದಿಂದ ಮುಚ್ಚಳ ತೆಗೆದು ಡಬ್ಬಿಯ ಮೇಲಿಟ್ಟು ಒತ್ತಿದೆ. ಟಕ್ ಎಂದು ಕೂತಿತು. ಅವಳು ಕನ್ನಡಕ ಏರಿಸಿ ಮುಚ್ಚಳದ ಚುಕ್ಕಿಗಳನ್ನೂ ಡಬ್ಬಿಯ ಚುಕ್ಕಿಗಳನ್ನೂ ಒಂದೊಂದಾಗಿ ಬೆರಳಿಟ್ಟು ನೋಡಿದಳು, ಕನ್ನಡದ ಒಂದಕ್ಷರ ಬಾರದವಳು. ಎರಡೂ ಒಂದೇ, ಇಷ್ಟು ಸಾಕು ಎಂದು ಮೊಹರು ಒತ್ತಿದಳು. ಅರ್ಧ ನಿಮಿಷವೂ ಆಗಿರಲಿಲ್ಲ. ನಾನು ಅಲ್ಲೇ ಕಿಟಕಿಗೆ ಹಣೆ ಹಚ್ಚಿ ಅತ್ತುಬಿಟ್ಟೆ.

ಡಬ್ಬಿ ಸಿಕ್ಕಿತೆಂದು ಇಲ್ಯಾಸ್‌ಗೆ ಬರೆದೆ. ಅವನ ಉತ್ತರ ಎರಡೇ ಸಾಲು: “ಮಂದಿ ಡಬ್ಬಿ ಖಾಲಿ ಕೊಡಬಾರ್ದು, ಒಂಚೂರು ಸಕ್ರಿ ಆದ್ರೂ ಹಾಕಿ ಕೊಡಬೇಕು ಅಂತ ನಮ್ಮವ್ವ ಹೇಳ್ತಿದ್ಲು. ಮಾಫ್ ಮಾಡ್ರಿ ಭಾಬಿ, ಖಾಲಿ ಬಂತು.”

ಖಾಲಿ ಬಂದಿರಲಿಲ್ಲ. ತಳದಲ್ಲಿ ಆ ಸಂಜೆಯ ಗಂಜಿ ಬೆಳ್ಳಗೆ ಒಣಗಿ ಅಂಟಿಕೊಂಡಿದೆ, ಅದರಲ್ಲಿ ಒಂದು ಮೆಂತ್ಯದ ಕಾಳು ಈಗಲೂ ಕಾಣುತ್ತದೆ. ಮುಚ್ಚಳ ಹಾಕಿ ಅದೇ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಇನ್ನೂ ತೊಳೆದಿಲ್ಲ.