ಕಾರಹುಣ್ಣಿಮೆಯ ಗೊಟ್ಟ

ಆಗ ನಾನು ಬ್ಯಾಡಗಿ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗಿ ದನಗಳಿಗೆ ಔಷಧಿ ಹಾಕುತ್ತಿದ್ದೆ. ಓದಿ ಕಲಿತದ್ದಲ್ಲ, ಹಿರಿಯರೊಬ್ಬರ ಕೈಕೆಳಗಿದ್ದು ಕಲಿತದ್ದು. ಜನ ಡಾಕ್ಟರ್ ಎನ್ನುತ್ತಿದ್ದರು, ನಾನು ತಿದ್ದುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಕದರಮಂಡಲಗಿ ಕಡೆಯ ಒಂದು ಒಕ್ಕಲು ಮನೆಯಿಂದ ಕರೆ ಬಂತು. ಹೊಲದಲ್ಲಿ ನಾಯಿಗಳು ಚಿಗರಿಯೊಂದನ್ನು, ಮರಿ ಹಾಕಿದ ಜಿಂಕೆಯನ್ನು, ಕೊಂದಿದ್ದವು. ಮರಿಯನ್ನು ಯಜಮಾನರು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಹಿರಿಯ ಸೊಸೆ ಅದಕ್ಕೆ ಬೆಲ್ಲ ಹಾಕಿದ ಎಮ್ಮೆ ಹಾಲು ಕುಡಿಸಿದ್ದಳು. ಮರಿಗೆ ನೀರಿನಂತೆ ಭೇದಿಯಾಗುತ್ತಿತ್ತು.

ಅಡವಿಯ ಪ್ರಾಣಿಯನ್ನು ಮನೆಯಲ್ಲಿ ಕಟ್ಟಬಾರದೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಸಾಕುವ ರೀತಿಯನ್ನಷ್ಟೇ ಹೇಳಿಕೊಟ್ಟೆ. ಆಡಿನ ಹಾಲು, ಅದೂ ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಮರಿ ನಿಂತುಕೊಂಡೇ ಬಾಟಲಿಯಿಂದ ಕುಡಿಯಬೇಕು. ಕತ್ತು ಮೇಲೆತ್ತಿ ಹಿಡಿದರೆ ಹಾಲು ಶ್ವಾಸಕ್ಕೆ ಇಳಿಯುತ್ತದೆ. ಕುಡಿದ ಮೇಲೆ ಒದ್ದೆ ಅರಿವೆಯಿಂದ ಬಾಲದ ಬುಡ ಒರೆಸಬೇಕು, ಏಕೆಂದರೆ ತಾಯಿ ನೆಕ್ಕಿದರೇ ಆ ಮರಿಗಳು ಹಿಕ್ಕೆ ಹಾಕುವುದು. ಆಕೆ ಎಲ್ಲವನ್ನೂ ಹಾಗೆಯೇ ಮಾಡಿದಳು. ನಾಲ್ಕನೆಯ ದಿನಕ್ಕೆ ಭೇದಿ ನಿಂತಿತು. ಮುಂಗಾರು ಬೀಳುವ ಹೊತ್ತಿಗೆ ಮರಿ ಕರಿಕೆ ಹುಲ್ಲಿನ ಚಿಗುರು ಕಡಿಯುತ್ತಿತ್ತು, ಜಾಲಿಕಾಯಿ ಜಗಿಯುತ್ತಿತ್ತು. ಸೊಸೆಯನ್ನು ಬಿಟ್ಟು ಬೇರೆ ಯಾರು ಮುಟ್ಟಿದರೂ ನಡುಗುತ್ತಿತ್ತು.

ಆಕೆಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ.

ಕಾರಹುಣ್ಣಿಮೆಯ ದಿನ ಒಂದು ಎತ್ತಿನ ಹೆಗಲಿನ ಬಾವು ನೋಡಲು ಹೋಗಿದ್ದೆ. ಅಂಗಳದಲ್ಲಿ ಎತ್ತುಗಳಿಗೆ ಗೊಟ್ಟ ಹಾಕುತ್ತಿದ್ದರು. ಮಜ್ಜಿಗೆ, ಕುಸುಬಿ ಎಣ್ಣೆ, ಅರಿಷಿಣ ಕಲಸಿ, ಬಿದಿರಿನ ಕೊಳವೆಯಲ್ಲಿ ತುಂಬಿ, ಎತ್ತಿನ ಬಾಯಿಗೆ ಸುರಿಯುವುದು. ಮಳೆಗಾಲದ ದುಡಿಮೆಗೆ ಶಕ್ತಿ ಬರಲೆಂದು ಪ್ರತಿ ವರ್ಷ ಮಾಡುವುದೇ.

ಎತ್ತುಗಳದು ಮುಗಿಯಿತು. ಯಜಮಾನರು ಗೊಟ್ಟವನ್ನು ಮತ್ತೆ ತುಂಬಿದರು. "ಚಿಗರೀನ ತರ್ರಿ. ಅದೂ ನಮ್ಮ ಕೊಟ್ಟಗೀದ ಐತಿ."

"ಬ್ಯಾಡ್ರಿ ಮಾವಾರ," ಎಂದಳು ಸೊಸೆ. "ಅದು ಎತ್ತಲ್ಲರೀ. ಅದಕ್ಕ ತಡಿಯಂಗಿಲ್ಲ."

ಮೈದುನ ನಕ್ಕ. "ಏನ್ ವೈನಿ, ನೀವ ಹಡದಂಗ ಮಾಡ್ತೀರಲ್ಲ!"

"ಹಡದವರಿಗಿಂತ ಇಕೀ ಸಂಕಟಾನ ಬಾಳ," ಎಂದರು ಅತ್ತೆ. ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು.

ಆಕೆ ನನ್ನ ಕಡೆ ನೋಡಿದಳು. "ಬಿಡ್ರಿ ಯಜಮಾನ್ರ, ಸಣ್ಣದೈತಿ," ಎಂದೆ, ಒಂದೇ ಸಲ, ಮೆತ್ತಗೆ.

"ಸಣ್ಣದಕ್ಕ ಶಕ್ತಿ ಬೇಕಲ್ರಿ ಡಾಕ್ಟ್ರ. ನೀವ ಹಿಡೀರಿ, ನಿಮಗ ರೂಢಿ ಐತಿ."

ನಾನು ಹಿಡಿದೆ. ಎಡಗೈಯಿಂದ ದವಡೆ ಬಿಡಿಸಿ, ಬಲಗೈಯಿಂದ ಮೂತಿಯನ್ನು ಆಕಾಶಕ್ಕೆ ಎತ್ತಿದೆ. ಮೈದುನ ಕಾಲುಗಳನ್ನು ಒತ್ತಿ ಹಿಡಿದ. ಯಜಮಾನರು ಸುರಿದರು. ಮರಿ ಒಮ್ಮೆ ಕೆಮ್ಮಿತು, ಮೂಗಿನ ಎರಡೂ ಹೊಳ್ಳೆಗಳಿಂದ ಹಳದಿ ಎಣ್ಣೆ ಬಂತು. ಅರ್ಧ ಉಳಿದಿತ್ತು. ಅದನ್ನೂ ಸುರಿದರು. ನಾನು ಕೈ ಬಿಡಲಿಲ್ಲ.

ಮರುದಿನ ಅದರ ಪಕ್ಕೆಗೆ ಕಿವಿ ಇಟ್ಟಾಗ ಒಳಗೆ ಗೊರಗೊರ ಎನ್ನುತ್ತಿತ್ತು. ಸೂಜಿ ಮಾಡಿದೆ, ಅದರಿಂದ ಉಪಯೋಗವಿಲ್ಲವೆಂದು ಗೊತ್ತಿದ್ದೇ ಮಾಡಿದೆ. ಮೂರನೆಯ ದಿನ ಮಧ್ಯಾಹ್ನ, ಆಕೆಯ ತೊಡೆಯ ಮೇಲೆ, ಬಾಯಿ ತೆರೆದುಕೊಂಡು ಸತ್ತಿತು. ನಾನು ಅಲ್ಲೇ ಇದ್ದೆ.

ಮನೆಯವರೆಲ್ಲ ಬಂದು ನಿಂತರು. "ಯಾತರಿಂದ ಹೋತ್ರೀ ಡಾಕ್ಟ್ರ?" ಎಂದು ಯಜಮಾನರು ಕೇಳಿದರು. ಕೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು.

"ಹಾಲು ಎದಿಗೆ ಇಳದೈತ್ರಿ," ಎಂದೆ. "ಕುಡಸುವಾಗ ಕತ್ತು ಮ್ಯಾಲೆತ್ತಿ ಹಿಡದಿರಬೇಕು."

ಸೊಸೆ ತಲೆಯೆತ್ತಿದಳು. "ನೀವು ಹೇಳ್ದಂಗ ಹಿಡದೇನ್ರಿ." ಮರಿಯ ಬಾಯಿ ಮುಚ್ಚಿಸುತ್ತ ಕೇಳಿದಳು: "ಯಾವಾಗರ ಒಮ್ಮೆ ತಪ್ಪಿರಬಹುದೇನ್ರಿ?"

"ತಪ್ಪಿರಬಹುದು."

"ಹೋಗ್ಲಿ ಬಿಡವಾ," ಎಂದರು ಯಜಮಾನರು ಸಮಾಧಾನವಾಗಿ. "ನಿನಗೇನ್ ರೂಢಿ ಐತಿ?"

"ಅದಕ್ಕ ದೇವ್ರು ಇಕಿಗೆ ಕೊಟ್ಟಿಲ್ಲ ನೋಡ್ರಿ," ಎಂದರು ಅತ್ತೆ, ನನಗೆ.

ನಾನು ಚೀಲ ಕಟ್ಟಿಕೊಂಡೆ. ಆಕೆ ಮರಿಯನ್ನು ನೆಲಕ್ಕೆ ಇಳಿಸಿ ಎದ್ದು, ತಂಬಿಗೆ ತಂದು, ನನ್ನ ಕೈಗಳಿಗೆ ನೀರು ಹಾಕಿದಳು.